ಕಾರಿನ ಮೈಗೆ ಎಂಥ ಸೋಪು?

ಕಪ್ಪು ಅಥವಾ ಕಡುನೀಲಿ ಬಣ್ಣದ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಬಾನೆಟ್ ಮೇಲೆ ಬಿದ್ದ ಸೂರ್ಯನ ಬಿಂಬವನ್ನು ಸ್ವಲ್ಪ ಓರೆಯಾಗಿ ನಿಂತು ನೋಡಿ. ಬಿಂಬದ ಸುತ್ತ ಬಳೆ ಬಳೆಯಾಗಿ ನೂರಾರು ಸಣ್ಣ ಗೀರುಗಳು ಕಾಣುತ್ತವೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬಿಂಬದ ಜೊತೆಗೆ ಬಳೆಗಳೂ ಸರಿಯುತ್ತವೆ. ಅಂದರೆ ಗೀರುಗಳು ನಿಜಕ್ಕೂ ದುಂಡಗಿಲ್ಲ. ಅವು ಬಾನೆಟ್ ತುಂಬ ಎಲ್ಲ ದಿಕ್ಕಿಗೂ ಹರಡಿವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ನಮ್ಮ ಕಣ್ಣಿಗೆ ಹೊಳೆಯುವುದರಿಂದ ಹಾಗೆ ತೋರುತ್ತದೆ.

ಈ ಗೀರುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದವಲ್ಲ, ಕಾರು ತೊಳೆಯುವಾಗ ಮತ್ತು ಒರೆಸುವಾಗ ಆದವು. ಪ್ರತಿದಿನ ಬೆಳಿಗ್ಗೆ ಒಣಬಟ್ಟೆಯಿಂದ ಧೂಳು ಒರೆಸಿ ಕಾರನ್ನು ಕಾಪಾಡುತ್ತಿದ್ದೇವೆ ಎಂದುಕೊಂಡವರ ಕಾರಿನಲ್ಲೇ ಅವು ಹೆಚ್ಚು.

ಯಾಕೆ ಹೀಗೆ ಎಂದು ತಿಳಿಯಲು ನಮ್ಮ ಹಾಸನ ಜಿಲ್ಲೆಯ ಕಲ್ಲುಗಳನ್ನೇ ನೋಡಬಹುದು. ವಸ್ತುಗಳ ಗಡಸುತನವನ್ನು ಅಳೆಯಲು ಜರ್ಮನ್ ಖನಿಜಶಾಸ್ತ್ರಜ್ಞ ಫ್ರೆಡರಿಕ್ ಮೋಸ್ 1812ರಲ್ಲಿ 1ರಿಂದ 10ರವರೆಗಿನ ಒಂದು ಮಾಪಕ ಮಾಡಿದ. ತೀರ ಮೆದುವಾದ ಟಾಲ್ಕ್ ಅದರಲ್ಲಿ 1, ವಜ್ರ 10. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಾಗಲಿ ಹಳೇಬೀಡಿನಲ್ಲಾಗಲಿ ಹೊಯ್ಸಳ ಶಿಲ್ಪಿಗಳು ಅಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಅದು ಈ ಮಾಪಕದ ಕೆಳತುದಿಯ ಕಲ್ಲು. ಆದರೆ ನಮ್ಮ ರಸ್ತೆಗಳ ಧೂಳಿನಲ್ಲಿ ಇರುವುದು ಬಳಪವಲ್ಲ. ನೆಲದಡಿಯ ನೈಸ್ ಮತ್ತು ಗ್ರಾನೈಟ್ ಬಂಡೆಗಳು ಸವೆದು ಉಳಿಯುವ ಬೆಣಚುಕಲ್ಲಿನ ಕಣ ಅದರಲ್ಲಿ ಧಾರಾಳವಾಗಿದೆ, ಅದರ ಗಡಸುತನ 7. ಹೊಳೆನರಸೀಪುರದ ಸುತ್ತಲಿನ ಶಿಲಾಪಟ್ಟಿ 300 ಕೋಟಿ ವರ್ಷಗಳಿಗೂ ಹಳೆಯದು, ಭೂವಿಜ್ಞಾನಿಗಳಿಗೆ ಬಹಳ ಪರಿಚಿತವಾದದ್ದು. ಅಲ್ಲಿನ ಕೆಲವು ಕಲ್ಲುಗಳಲ್ಲಿ ಗಾರ್ನೆಟ್ ಕೂಡ ಇದೆ; ಅದೂ ಬೆಣಚಿನಷ್ಟೇ ಗಟ್ಟಿ. ಕಿಟಕಿಯ ಗಾಜು ಐದೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾರಿನ ಬಣ್ಣವಂತೂ ಪ್ಲಾಸ್ಟಿಕ್ ಜಾತಿಯದು, ಗಾಜಿಗಿಂತ ಎಷ್ಟೋ ಮೆದು.

ಆ ಬಣ್ಣ ಎಷ್ಟು ತೆಳುವೆಂಬುದೂ ಗೊತ್ತಿರಬೇಕು. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಆಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಹೊಳಪು ಕೊಡುವ, ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣ ಮಾಸದಂತೆ ಕಾಯುವ ಕ್ಲಿಯರ್ ಕೋಟ್ ಬರೀ 35ರಿಂದ 50 ಮೈಕ್ರಾನ್. ಗೀರು ಹೋಗಲೆಂದು ಮೆಷಿನ್ ಪಾಲಿಶ್ ಮಾಡಿಸಿದಾಗ ಗೀರು ತುಂಬಿಕೊಳ್ಳುವುದಿಲ್ಲ. ಅದರ ಸುತ್ತಲಿನ ಕ್ಲಿಯರ್ ಕೋಟನ್ನೇ ಗೀರಿನ ತಳದವರೆಗೆ ಸವೆಸುತ್ತಾರೆ. ಹೀಗೆ ಪದೇ ಪದೇ ಸವೆಸುತ್ತಾ ಹೋಗಲು ಆ ಪದರದಲ್ಲಿ ದಪ್ಪವೇ ಇಲ್ಲ.

ಸೋಪಿನ ಮಾತು ಇಲ್ಲಿಂದ ಶುರುವಾಗಬೇಕು. ಕಾರು ತೊಳೆಯುವ ಸೋಪಿನ ಮೊದಲ ಕೆಲಸ ಕೊಳೆ ಕೀಳುವುದು ಎಂದು ನಾವು ತಿಳಿದಿದ್ದೇವೆ. ನನ್ನ ಮಟ್ಟಿಗೆ ಅದರ ಮೊದಲ ಕೆಲಸ ಜಾರಿಸುವುದು. ಬಟ್ಟೆಗೂ ಬಣ್ಣಕ್ಕೂ ನಡುವೆ ಒಂದು ನುಣುಪು ಪದರವಾಗಿ ನಿಂತು, ಬೆಣಚಿನ ಕಣ ಮೇಲ್ಮೈಯನ್ನು ಒತ್ತದಂತೆ ಅದನ್ನು ಎತ್ತಿಕೊಂಡು ಬಕೆಟ್ಟಿಗೆ ತರುವುದು. ಸೋಪಿನ ಅಣುವಿಗೆ ಎರಡು ತುದಿ: ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು. ಇಂಥ ಅಣುಗಳು ಧೂಳಿನ ಕಣವನ್ನೂ ಬಣ್ಣದ ಮೇಲ್ಮೈಯನ್ನೂ ಆವರಿಸಿಕೊಂಡಾಗ ಒಂದಕ್ಕೊಂದು ಅಂಟುವುದು ಕಡಿಮೆಯಾಗುತ್ತದೆ. ಅಷ್ಟಕ್ಕೆ ಬೇಕಾದ ಪ್ರಮಾಣ ಬಹಳ ಕಡಿಮೆ. ಒಂದು ಮಿತಿ ದಾಟಿದ ಮೇಲೆ ಎಷ್ಟು ಸುರಿದರೂ ಅಣುಗಳು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಳ್ಳುತ್ತವೆ. ಕೊಳೆ ಹೆಚ್ಚು ಹೋಗುವುದಿಲ್ಲ, ತೊಳೆಯಲು ಬೇಕಾದ ನೀರು ಮಾತ್ರ ಹೆಚ್ಚುತ್ತದೆ.

ಮನೆಯಲ್ಲಿ ಕೈಗೆ ಸಿಗುವುದು ಬಟ್ಟೆಯ ಸೋಪಿನ ಪುಡಿ, ಪಾತ್ರೆ ತಿಕ್ಕುವ ಬಾರ್, ಒಂದೆರಡು ರೂಪಾಯಿಯ ಶಾಂಪೂ ಸ್ಯಾಶೆ. ಇವುಗಳಲ್ಲಿ ಪಾತ್ರೆಯ ಬಾರ್ ಅನ್ನು ಕಾರಿನ ಹತ್ತಿರವೂ ತರಬಾರದು. ಪಾತ್ರೆಯ ತಳ ಉಜ್ಜಲೆಂದೇ ಅದರಲ್ಲಿ ಸುಣ್ಣಕಲ್ಲಿನಂಥ ಖನಿಜದ ಪುಡಿ ಬೆರೆಸಿರುತ್ತಾರೆ. ಬಟ್ಟೆಯ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ. ಅದರ ನೀರು ಪ್ರಬಲ ಕ್ಷಾರ. ಒಮ್ಮೆ ತೊಳೆದಾಕ್ಷಣ ಬಣ್ಣ ಕರಗಿಹೋಗುತ್ತದೆ ಎಂದು ಹೆದರಿಸುವವರ ಮಾತು ಸರಿಯಲ್ಲ, ಇಂದಿನ ಕ್ಲಿಯರ್ ಕೋಟ್ ಅಷ್ಟು ಬಡಕಲಲ್ಲ. ಆದರೆ ಮೇಲೆ ಹಚ್ಚಿದ ವ್ಯಾಕ್ಸ್ ಹೋಗುತ್ತದೆ, ಕಿಟಕಿಯ ರಬ್ಬರು ಕಳೆಗುಂದುತ್ತದೆ, ಅಲಾಯ್ ಚಕ್ರದ ಅಲ್ಯೂಮಿನಿಯಂ ಕ್ಷಾರಕ್ಕೆ ಮಂಕಾಗುತ್ತದೆ. ಪುಡಿ ಪೂರ್ತಿ ಕರಗದೆ ಉಳಿದರೆ ಆ ಹರಳುಗಳೂ ಬಣ್ಣವನ್ನು ಉಜ್ಜುತ್ತವೆ. ತಲೆಯ ಶಾಂಪೂ ಇವೆರಡಕ್ಕಿಂತ ಎಷ್ಟೋ ವಾಸಿ. ಕೂದಲಿಗೆಂದು ಬೆರೆಸಿದ ನುಣುಪುಕಾರಕ ಕಾರಿನ ಮೇಲೆ ಪೊರೆಯಾಗಿ ಉಳಿಯಬಹುದು, ಅಷ್ಟೆ.

ಸೋಪು ಕ್ಷಾರವೋ ಅಲ್ಲವೋ ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಬಿಳಿಯ ತಟ್ಟೆಯಲ್ಲಿ ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕಲಸಿ, ನೀವು ಕಾರಿಗೆ ಬಳಸುವಷ್ಟೇ ತೆಳು ಮಾಡಿದ ಸೋಪಿನ ನೀರನ್ನು ನಾಲ್ಕು ಹನಿ ಬಿಡಿ. ಬಟ್ಟೆಯ ಪುಡಿಯ ನೀರಾದರೆ ಹಳದಿ ಕಣ್ಣೆದುರೇ ಕೆಂಪಾಗುತ್ತದೆ. ಆರತಿಯ ತಟ್ಟೆಗೆ ಅರಿಶಿನದ ನೀರಿನಲ್ಲಿ ಸುಣ್ಣ ಕದಡಿ ಓಕುಳಿ ಮಾಡುವಾಗ ನಡೆಯುವುದೂ ಇದೇ ಕ್ರಿಯೆ. ಅರಿಶಿನದ ಕರ್ಕ್ಯುಮಿನ್, ಪಿಎಚ್ ಮಟ್ಟ ಏಳೂವರೆ ಎಂಟು ದಾಟುತ್ತಿದ್ದಂತೆ ಬಣ್ಣ ಬದಲಿಸಲು ತೊಡಗುತ್ತದೆ. ಅದೇ ಕೆಂಪಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಒಳ್ಳೆಯ ಕಾರ್ ಶಾಂಪೂ ಬಿಟ್ಟಾಗ ಅರಿಶಿನ ಹೆಚ್ಚುಕಡಿಮೆ ಅರಿಶಿನವಾಗಿಯೇ ಉಳಿಯಬೇಕು. ಈ ಪರೀಕ್ಷೆ ಹೇಳುವುದು ಕ್ಷಾರದ ಸಂಗತಿ ಮಾತ್ರ. ಪಾತ್ರೆ ತೊಳೆಯುವ ಲಿಕ್ವಿಡ್ ಕೂಡ ಇದರಲ್ಲಿ ಪಾಸಾಗಬಹುದು, ಆದರೂ ಅದು ಜಿಡ್ಡಿನ ಜೊತೆ ವ್ಯಾಕ್ಸನ್ನೂ ಎಳೆದುಕೊಂಡು ಹೋಗುತ್ತದೆ.

ಆಯುಧಪೂಜೆಯ ಮಾರನೆಯ ದಿನ ಬಿಳಿ ಕಾರುಗಳ ಬಾನೆಟ್ ಮೇಲೆ ಕೆಂಗಂದು ಕಲೆ ಮೂಡುವುದಕ್ಕೂ ಇದು ಒಂದು ಕಾರಣ. ಅರಿಶಿನ ಹಚ್ಚಿದ ಜಾಗವನ್ನು ಸೋಪಿನ ಪುಡಿಯಿಂದ ಉಜ್ಜಿದರೆ ಕಲೆ ಹೋಗುವ ಬದಲು ಕೆಂಪಾಗುತ್ತದೆ. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣ ಬೆರೆತಿದ್ದರೆ ಇನ್ನೂ ಕಷ್ಟ. ಪೂಜೆಯ ಗಂಧ, ಅರಿಶಿನ, ಕುಂಕುಮವನ್ನು ಬಣ್ಣದ ಮೇಲೆ ಹಚ್ಚುವ ಬದಲು ಗಾಜಿಗೆ ಹಚ್ಚಿ. ಗಾಜು ಯಾವ ಕಲೆಯನ್ನೂ ಹೀರಿಕೊಳ್ಳುವುದಿಲ್ಲ.

ಇಷ್ಟರಲ್ಲಿ ಸೋಪು ಎಂಬ ಮಾತನ್ನು ಸಡಿಲವಾಗಿಯೇ ಬಳಸಿದ್ದೇನೆ. ಎಣ್ಣೆಯನ್ನು ಕ್ಷಾರದೊಂದಿಗೆ ಕಾಯಿಸಿ ಮಾಡುವ ನಿಜವಾದ ಸೋಪು ಬೇರೆ, ಕಾರಿಗೆ ಬಳಸುವ ಶಾಂಪೂ ಬೇರೆ. ಎರಡರ ಕತೆಯಲ್ಲೂ ಮೊದಲ ಮಹಾಯುದ್ಧದ ಪಾತ್ರವಿದೆ. ಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸರ್ಕಾರ ಇಲ್ಲಿಯೇ ಗಂಧದೆಣ್ಣೆ ತೆಗೆಸಿತು, ಅದರಿಂದ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಅದೇ ವರ್ಷಗಳಲ್ಲಿ ಜರ್ಮನಿಯಲ್ಲಿ ಸೋಪು ಮಾಡಲು ಕೊಬ್ಬು ಸಿಗದೆ ರಸಾಯನಶಾಸ್ತ್ರಜ್ಞರು ಕೃತಕ ಮಾರ್ಜಕಗಳತ್ತ ತಿರುಗಿದರು. ಇಂದಿನ ಕಾರ್ ಶಾಂಪೂ ಆ ಕೃತಕ ಮಾರ್ಜಕಗಳ ವಂಶದ್ದು. ನಮ್ಮ ಕಡೆಯ ನೀರಿಗೆ ಈ ವ್ಯತ್ಯಾಸ ಮುಖ್ಯ.

ಬೋರ್‌ವೆಲ್ ನೀರು ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿದು ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಇಂಥ ಗಡಸು ನೀರಿನಲ್ಲಿ ಮೈಸೋಪು ಉಜ್ಜಿದರೆ ನೊರೆಗಿಂತ ಮೊದಲು ಗಸಿ ಬರುತ್ತದೆ. ಅದೇ ಗಸಿ ಕಾರಿನ ಮೇಲೆ ಮಂಕು ಪೊರೆಯಾಗಿ ಕೂರುತ್ತದೆ. ಕೃತಕ ಮಾರ್ಜಕ ಗಡಸು ನೀರಿನಲ್ಲೂ ಹಾಗೆ ಗಸಿ ಕಟ್ಟುವುದಿಲ್ಲ. ಆದರೆ ಎಷ್ಟು ಒಳ್ಳೆಯ ಶಾಂಪೂ ತಂದರೂ ಕೊನೆಗೆ ಸುರಿಯುವುದು ಅದೇ ನೀರನ್ನು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. ನಡುವಿನ 400 ಎಂದೇ ಹಿಡಿಯೋಣ. ತೊಳೆದ ಕಾರಿನ ಮೇಲೆ ಒಂದು ಲೋಟದಷ್ಟು, ಅಂದರೆ 200 ಮಿಲಿಲೀಟರ್ ನೀರು ಹನಿಹನಿಯಾಗಿ ಉಳಿದು ಬಿಸಿಲಿಗೆ ಒಣಗಿದರೆ 80 ಮಿಲಿಗ್ರಾಂ ಸುಣ್ಣದ ಪುಡಿ ಸಾವಿರಾರು ಉಂಗುರಗಳಾಗಿ ಬಣ್ಣದ ಮೇಲೆ ಉಳಿಯುತ್ತದೆ. ಹೇಮಾವತಿಯ ನೀರು ನಲ್ಲಿಯಲ್ಲಿ ಬರುವ ಮನೆಗಳಲ್ಲಿ ಈ ತೊಂದರೆ ಕಡಿಮೆ. ಮಳೆನೀರು ಹಿಡಿದಿಟ್ಟವರು ಕೊನೆಯ ಎರಡು ಬಕೆಟ್ ಅದನ್ನೇ ಸುರಿಯಲಿ. ಏನೂ ಇಲ್ಲದವರು ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆದು, ಹನಿ ಒಣಗುವ ಮುನ್ನ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಬೇಕು.

ಹಾಗಾದರೆ ಅಂಗಡಿಯಲ್ಲಿ ಏನು ಕೇಳಬೇಕು? ಡಬ್ಬದ ಮೇಲೆ ಪಿಎಚ್ ನ್ಯೂಟ್ರಲ್ ಎಂದಿರಲಿ, ಎಷ್ಟು ನೀರಿಗೆ ಎಷ್ಟು ಶಾಂಪೂ ಎಂಬುದು ನಮೂದಾಗಿರಲಿ. ತೆಳು ಮಾಡಿದ ನೀರಿನಲ್ಲಿ ಬೆರಳು ಅದ್ದಿ ಉಜ್ಜಿದರೆ ಜಾರುವ ಗುಣ ತಿಳಿಯುತ್ತದೆ. ಬಣ್ಣಬಣ್ಣದ ನೊರೆ, ಘಮ, ಇವಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಮನೆಯ ರೇಷ್ಮೆ ಸೀರೆಗೆ ನಮ್ಮ ಅಜ್ಜಿಯರು ಚೌಳು ಮಣ್ಣನ್ನೂ ಸೋಡಾವನ್ನೂ ಮುಟ್ಟಿಸದೆ ಅಂಟುವಾಳದ ನೊರೆಯಲ್ಲಿ ಅದ್ದಿ ತೆಗೆಯುತ್ತಿದ್ದರಲ್ಲ, ಕಾರಿನ ಬಣ್ಣಕ್ಕೆ ಬೇಕಾದ್ದೂ ಆ ಬಗೆಯ ಮೃದುವಾದ ತೊಳೆತ.

ಸೋಪು ಮುಟ್ಟಿಸುವ ಮೊದಲು ಬರಿ ನೀರಿನಿಂದ ಮೇಲಿನಿಂದ ಕೆಳಕ್ಕೆ ಧೂಳು ಇಳಿಸಿ. ಸುಗ್ಗಿಯಲ್ಲಿ ಅರಕಲಗೂಡಿನ ಕಡೆಯ ಒಳರಸ್ತೆಗಳಲ್ಲಿ ರಸ್ತೆಗೇ ಹರಡಿದ ಹುರುಳಿ, ರಾಗಿ ತೆನೆಯ ಮೇಲೆ ಓಡಿಸಿಕೊಂಡು ಬಂದ ಕಾರಿಗಂತೂ ಇದು ತಪ್ಪಲೇಬಾರದು. ಗಾಡಿಯ ಅಡಿಗೆ ಸಿಕ್ಕಿಕೊಂಡ ಹುರುಳಿ ಕಡ್ಡಿಯನ್ನೂ ಆಗಲೇ ಎಳೆದುಹಾಕಿ, ಸೈಲೆನ್ಸರಿನ ಶಾಖಕ್ಕೆ ಅದು ಹೊತ್ತಿಕೊಳ್ಳಬಹುದು. ಸೋಪಿನ ನೀರಿಗೊಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಚಕ್ರಕ್ಕೆ ಬೇರೆಯದೇ ಬಟ್ಟೆ. ಮಾವಿನ ಮರದಡಿ ನಿಲ್ಲಿಸಿದಾಗ ಬೀಳುವ ಅಂಟು ಹನಿ ಮರದ್ದಲ್ಲ, ಹೂವಿನ ರಸ ಹೀರುವ ಜಿಗಿಹುಳು ಹೊರಹಾಕುವ ಸಕ್ಕರೆ ನೀರು. ಒದ್ದೆ ಬಟ್ಟೆ ಹೊದಿಸಿ ನೆನೆಯಬಿಟ್ಟರೆ ತಾನೇ ಕರಗುತ್ತದೆ.

ವಾಟರ್ ಸರ್ವಿಸ್‌ಗೆ ಬಿಡುವವರೂ ಇಷ್ಟನ್ನು ಕೇಳಿ ಮಾಡಿಸಿಕೊಳ್ಳಬಹುದು. ಅಲ್ಲಿ ದಿನವಿಡೀ ಬರಿಗೈಯಲ್ಲಿ ನೊರೆ ಹಚ್ಚುವ ಹುಡುಗರ ಕೈ ಒಮ್ಮೆ ನೋಡಿ. ಕ್ಷಾರದ ಪುಡಿಗೆ ಕಾರಿನ ಬಣ್ಣಕ್ಕಿಂತ ಮೊದಲು ಬಿರಿಯುವುದು ಆ ಚರ್ಮ. ಒಳ್ಳೆಯ ಶಾಂಪೂವನ್ನು ನೀವೇ ಒಯ್ದು ಕೊಟ್ಟರೂ ಯಾರೂ ಬೇಡ ಎನ್ನುವುದಿಲ್ಲ.

ಇನ್ನೊಂದು ಮಾತು. ಕಾರಿಗೆ ಮೃದುವಾದ ಶಾಂಪೂ ಮೀನಿನ ಕಿವಿರಿಗೂ ಮೃದು ಎಂದು ತಿಳಿಯಬಾರದು. ಸೋಪಿನ ಅಣು ಕಿವಿರಿನ ತೆಳುಪೊರೆಗೆ ಅಂಟಿ ಮೀನಿನ ಉಸಿರಾಟವನ್ನೇ ಕೆಡಿಸುತ್ತದೆ. ಅದೇ ನೊರೆನೀರು ಮಣ್ಣಿನಲ್ಲಿ ಇಂಗಿದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದರ ಬಹುಪಾಲನ್ನು ಒಡೆದು ತಿನ್ನುತ್ತವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನೆಂದು ಹಿಡಿಯದೆ ಕಾಪಾಡಿಕೊಂಡು ಬಂದಿದ್ದಾರೆ. ಆ ಹೊಳೆಗಾಗಲಿ, ಹೊಳೆನರಸೀಪುರದ ಹೇಮಾವತಿಗಾಗಲಿ, ಚನ್ನರಾಯಪಟ್ಟಣದ ಕೆರೆಗಾಗಲಿ ದಯವಿಟ್ಟು ಕಾರು ಇಳಿಸಬೇಡಿ. ಮನೆಯ ಮುಂದೆ ಎರಡು ಬಕೆಟ್ ಇಟ್ಟುಕೊಂಡು ತೊಳೆಯಿರಿ, ನೀರನ್ನು ಮಣ್ಣಿಗೇ ಚೆಲ್ಲಿ.