ಸ್ಪೋರ್ಟ್ಸ್ ಕಾರಿನ ಟೈರ್ ಬದಲಾವಣೆ: ದರಪಟ್ಟಿಗಿಂತ ಮೊದಲು ಓಟದ ಲೆಕ್ಕ

ಯಂತ್ರೋಪಕರಣವೊಂದನ್ನು ಖರೀದಿಸುವ ಮುನ್ನ ಹತ್ತು ಬಾರಿ ಲೆಕ್ಕ ಹಾಕುವ ಉದ್ಯಮಿಯು, ತಾನು ಆಸೆಪಟ್ಟು ಕೊಂಡ ಸ್ಪೋರ್ಟ್ಸ್ ಕಾರಿನ ಟೈರ್ ಸವೆದಾಗ ಮಾತ್ರ ಅಂಗಡಿಯವರು ಹೇಳಿದ ದರಕ್ಕೆ ತಲೆಯಾಡಿಸುವುದುಂಟು. ಇಲ್ಲವೇ, ದರ ಕೇಳಿ ಬೆಚ್ಚಿ, ಸಿಕ್ಕ ಅಗ್ಗದ ಟೈರನ್ನು ಹಾಕಿಸಿಕೊಳ್ಳುವುದುಂಟು. ಇವೆರಡೂ ವ್ಯವಹಾರ ಜಾಣ್ಮೆಯಲ್ಲ. ವಾಹನವು ರಸ್ತೆಯನ್ನು ಸ್ಪರ್ಶಿಸುವುದು ಪ್ರತಿ ಚಕ್ರದಡಿಯ ಅಂಗೈಯಷ್ಟಗಲದ ಜಾಗದಲ್ಲಿ ಮಾತ್ರ. ಆದ್ದರಿಂದ ಇದು ಹಣದ ಪ್ರಶ್ನೆಯಾಗಿರುವಷ್ಟೇ ಪ್ರಾಣದ ಪ್ರಶ್ನೆಯೂ ಹೌದು.

ಟೈರಿನ ಮೇಲಿನ ಬರಹ

ಪೋರ್ಷೆ 911 ಕರೇರಾ ಎಸ್ ಕಾರಿನ 992 ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರ ಮುಂದಿನ ಟೈರಿನ ಅಳತೆ 245/35 ಝಡ್‌ಆರ್ 20. ಹಿಂದಿನದು 305/30 ಝಡ್‌ಆರ್ 21. ಮೊದಲ ಅಂಕಿಯು ಮಿಲಿಮೀಟರುಗಳಲ್ಲಿ ಅಗಲ, ಎರಡನೆಯದು ಅಗಲದ ಶೇಕಡಾವಾರು ಲೆಕ್ಕದಲ್ಲಿ ಪಾರ್ಶ್ವದ ಎತ್ತರ, ಕೊನೆಯದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. ಮುಂದಿನ ಮತ್ತು ಹಿಂದಿನ ಅಳತೆಗಳು ಬೇರೆಯಾದುದರಿಂದ, ಸಾಮಾನ್ಯ ಕಾರುಗಳಲ್ಲಿ ಮಾಡುವಂತೆ ಟೈರುಗಳನ್ನು ಹಿಂದೆಮುಂದೆ ಅದಲುಬದಲು ಮಾಡಿ ಸವೆತವನ್ನು ಸಮಗೊಳಿಸುವುದು ಸಾಧ್ಯವಿಲ್ಲ. ಎಂಜಿನ್ನಿನ ಭಾರ ಮತ್ತು ಎಳೆತ ಎರಡನ್ನೂ ಹೊರುವ ಹಿಂದಿನ ಜೋಡಿ ಸಾಮಾನ್ಯವಾಗಿ ಮೊದಲು ಸವೆಯುತ್ತದೆ.

ಅಳತೆಯ ನಂತರ ಭಾರ ಹಾಗೂ ವೇಗದ ಸಂಕೇತಗಳಿರುತ್ತವೆ. 91 ಎಂದರೆ 615 ಕಿಲೋಗ್ರಾಂ, 94 ಎಂದರೆ 670 ಕಿಲೋಗ್ರಾಂ. 'ವಿ' ಅಕ್ಷರವು ಗಂಟೆಗೆ 240 ಕಿ.ಮೀ., 'ಡಬ್ಲ್ಯೂ' 270 ಮತ್ತು 'ವೈ' 300 ಕಿ.ಮೀ. ವೇಗವನ್ನು ಸೂಚಿಸುತ್ತವೆ. ನಮ್ಮ ರಸ್ತೆಗಳಲ್ಲಿ ಯಾರೂ 300 ಕಿ.ಮೀ. ವೇಗದಲ್ಲಿ ಹೋಗುವುದಿಲ್ಲ, ಹಾಗಿದ್ದ ಮೇಲೆ ಆ ಹಣವೇಕೆ ಎಂಬುದು ವ್ಯಾಪಾರಿಗೆ ಸಹಜವಾದ ಪ್ರಶ್ನೆ. ವೇಗದ ಸಂಕೇತವು ಶಾಖವನ್ನು ತಾಳಿಕೊಳ್ಳುವ ಶಕ್ತಿಯ ಅಳತೆಯೂ ಆಗಿದೆ. ಕಾರಿನ ಬ್ರೇಕ್ ಮತ್ತು ಸ್ಟೀರಿಂಗ್ ವ್ಯವಸ್ಥೆಗಳು ಅಂತಹ ಟೈರನ್ನೇ ನಂಬಿ ರೂಪಿತವಾಗಿವೆ. ಕಾರು ತಯಾರಕರು ನಿಗದಿಪಡಿಸಿದ ಭಾರ ಹಾಗೂ ವೇಗದ ಮಟ್ಟಕ್ಕಿಂತ ಕೆಳಗಿಳಿಯಬಾರದು.

ಪೋರ್ಷೆ ಸಂಸ್ಥೆಯು ತಾನು ಪರೀಕ್ಷಿಸಿ ಅನುಮೋದಿಸಿದ ಟೈರುಗಳಿಗೆ 'ಎನ್0', 'ಎನ್1' ಮುಂತಾದ ಗುರುತು ನೀಡುತ್ತದೆ. ಬಿಎಂಡಬ್ಲ್ಯೂ ನಕ್ಷತ್ರದ ಗುರುತನ್ನೂ ಮರ್ಸಿಡಿಸ್ 'ಎಂಒ' ಗುರುತನ್ನೂ ಬಳಸುತ್ತವೆ. ಒಂದೇ ಹೆಸರಿನ, ಒಂದೇ ಅಳತೆಯ ಟೈರಾದರೂ ಗುರುತು ಬೇರೆಯಾದರೆ ಒಳರಚನೆಯೂ ಬೇರೆಯಿರಬಹುದು. ಕನಿಷ್ಠ ಒಂದು ಅಚ್ಚಿನ ಎರಡೂ ಟೈರುಗಳನ್ನು ಒಟ್ಟಿಗೆ, ಒಂದೇ ಗುರುತಿನವನ್ನು ಹಾಕಿಸುವುದು ಅವಶ್ಯ.

ಕಿಲೋಮೀಟರ್ ವೆಚ್ಚ

ಈಗ ಲೆಕ್ಕಕ್ಕೆ ಬರೋಣ. ಇಲ್ಲಿನ ಮೊತ್ತಗಳು ಕೇವಲ ವಿವರಣೆಗಾಗಿ. ನಾಲ್ಕು ಟೈರುಗಳ ಒಂದು ಸೆಟ್ಟಿಗೆ ರೂ. 1,80,000, ಬಾಳಿಕೆ 20,000 ಕಿ.ಮೀ. ಎಂದಿರಲಿ. ಇನ್ನೊಂದು ಸೆಟ್ಟಿಗೆ ರೂ. 1,30,000, ಬಾಳಿಕೆ 13,000 ಕಿ.ಮೀ. ಎಂದಿರಲಿ. ಮೊದಲನೆಯದರ ವೆಚ್ಚ ಕಿ.ಮೀ.ಗೆ ರೂ. 9, ಎರಡನೆಯದರದು ರೂ. 10. ದುಬಾರಿ ಸೆಟ್ಟೇ ಅಗ್ಗ ಎಂದಾಯಿತು.

ಆದರೆ ರಬ್ಬರ್ ಓಡದೆಯೂ ಹಳೆಯದಾಗುತ್ತದೆ. ಆರು ವರ್ಷ ಮೀರಿದ ಟೈರನ್ನು ಬಳಸಬಾರದೆಂಬುದು ಪೋರ್ಷೆಯ ಸೂಚನೆ. ಭಾನುವಾರ ಮಾತ್ರ ಹೊರಬರುವ ಕಾರು ವರ್ಷಕ್ಕೆ 2,000 ಕಿ.ಮೀ. ಓಡಿದರೆ, ಆರು ವರ್ಷಗಳಲ್ಲಿ ಎರಡೂ ಸೆಟ್ಟುಗಳು 12,000 ಕಿ.ಮೀ. ಮಾತ್ರ ಓಡುತ್ತವೆ. ಆಗ ಮೊದಲನೆಯದರ ವೆಚ್ಚ ಕಿ.ಮೀ.ಗೆ ರೂ. 15, ಎರಡನೆಯದರದು ಸುಮಾರು ರೂ. 10.83. ಅಂದರೆ, ಬಳಸಲಾಗದ ಬಾಳಿಕೆಗೆ ಹಣ ತೆತ್ತಂತಾಗುತ್ತದೆ. ವರ್ಷಕ್ಕೆ 3,000 ಕಿ.ಮೀ. ಓಡಿಸಿದರೆ ಎರಡೂ ರೂ. 10ಕ್ಕೆ ಸಮನಾಗುತ್ತವೆ. ಆದುದರಿಂದ ದರ ವಿಚಾರಿಸುವ ಮೊದಲು ವಾರ್ಷಿಕ ಓಟವನ್ನು ತಿಳಿದುಕೊಳ್ಳತಕ್ಕದ್ದು. ಓಟ ಕಡಿಮೆಯಿದ್ದವರು ಬಾಳಿಕೆಯ ಬದಲು ಒದ್ದೆ ರಸ್ತೆಯ ಹಿಡಿತಕ್ಕೆ ಪ್ರಾಶಸ್ತ್ಯ ಕೊಡುವುದು ಲೇಸು.

ಟೈರಿನ ಮೇಲಿನ 'ಟ್ರೆಡ್‌ವೇರ್' ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. ಅದನ್ನು ತಯಾರಕರೇ ನೀಡುವುದರಿಂದ, ಒಂದೇ ಕಂಪನಿಯ ಟೈರುಗಳ ನಡುವಿನ ಹೋಲಿಕೆಗೆ ಮಾತ್ರ ಅದು ಹೆಚ್ಚು ಉಪಯುಕ್ತ. 200ರ ಆಸುಪಾಸಿನ ಅಂಕಿ ಸಾಮಾನ್ಯವಾಗಿ ಟ್ರ್ಯಾಕ್ ಬಳಕೆಯತ್ತ ಒಲಿದ ಮೃದು ರಬ್ಬರಿನ ಸೂಚನೆ.

ಮಳೆಗಾಲದ ಎಚ್ಚರ

ಕಾನೂನಿನ ಪ್ರಕಾರ ಕಾರಿನ ಟೈರಿನ ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗುವಂತಿಲ್ಲ. ಆದರೆ ಆ ಮಿತಿಯವರೆಗೆ ಕಾಯುವುದು ವಿವೇಕವಲ್ಲ. ಟೈರ್ ಅಗಲವಾದಷ್ಟೂ ನೀರಿನ ಮೇಲೆ ತೇಲುವ ಅಪಾಯ ಹೆಚ್ಚು. ಚಾರ್ಮಾಡಿ ಅಥವಾ ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳ ಮಳೆಗೆ ಸಿಲುಕಬಹುದಾದ ಕಾರಿಗೆ 3 ಮಿ.ಮೀ. ಉಳಿದಿರುವಾಗಲೇ ಬದಲಾವಣೆಯ ಸಿದ್ಧತೆ ನಡೆಸುವುದು ಕ್ಷೇಮ. 305/30 ಟೈರಿನ ಪಾರ್ಶ್ವದ ಎತ್ತರ ಕೇವಲ 91.5 ಮಿ.ಮೀ. ಆದುದರಿಂದ ಗುಂಡಿಗೆ ಬಿದ್ದ ಪೆಟ್ಟು ನೇರವಾಗಿ ರಿಮ್ಮಿಗೆ ತಗಲಬಹುದು. ಗಾಳಿಯ ಒತ್ತಡದ ತಪಾಸಣೆ ಮತ್ತು ವೀಲ್ ಅಲೈನ್‌ಮೆಂಟಿಗೆ ತಗಲುವ ಖರ್ಚು ಉಳಿತಾಯವೇ ಸರಿ.

ಖರೀದಿ ಮತ್ತು ತೆರಿಗೆ

ಭಾರತ ಸರ್ಕಾರವು ಜೂನ್ 2020ರಲ್ಲಿ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ವಿರಳ ಅಳತೆಯ ಟೈರ್ ಕೇಳಿದ ದಿನವೇ ದೊರೆಯುವುದೆಂದು ನಂಬುವಂತಿಲ್ಲ. ಮುಂಚಿತವಾಗಿ ಬೇಡಿಕೆ ಸಲ್ಲಿಸಬೇಕು. ಪಾರ್ಶ್ವದಲ್ಲಿರುವ ನಾಲ್ಕಂಕಿಯ ತಯಾರಿಕಾ ಸಂಖ್ಯೆಯನ್ನು ನೋಡಿಯೇ ಟೈರನ್ನು ಸ್ವೀಕರಿಸಬೇಕು. 2324 ಎಂದಿದ್ದರೆ ಅದು 2024ರ 23ನೇ ವಾರದ ಸರಕು. ಕಡಿಮೆ ಓಡುವ ಕಾರಿಗೆ ಎರಡು ವರ್ಷ ಗೋದಾಮಿನಲ್ಲಿದ್ದ ಟೈರ್ ಹಾಕಿಸಿದರೆ, ಆಯುಷ್ಯದ ಮೂರನೇ ಒಂದು ಭಾಗ ಮೊದಲೇ ಮುಗಿದಿರುತ್ತದೆ. ಈ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳುವುದು ಒಳ್ಳೆಯದು.

22 ಸೆಪ್ಟೆಂಬರ್ 2025ರಿಂದ ಕಾರಿನ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿಯನ್ನು ಮುಂದಿಟ್ಟು ಚೌಕಾಶಿ ಮಾಡುವವರು ಇದನ್ನು ನೆನಪಿಡಬೇಕು. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೂ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲವೆಂದು ಎಣಿಸಿ, ತೆರಿಗೆ ಸೇರಿದ ಮೊತ್ತದ ಮೇಲೆಯೇ ಕಿಲೋಮೀಟರ್ ವೆಚ್ಚವನ್ನು ಲೆಕ್ಕ ಹಾಕುವುದು ಸುರಕ್ಷಿತ.

ಯಂತ್ರದ ಸವಕಳಿಗೆ ಪ್ರತಿವರ್ಷ ಹಣ ತೆಗೆದಿರಿಸುವ ಉದ್ಯಮಿಯು ಟೈರಿಗೂ ಅದೇ ಕ್ರಮವನ್ನು ಅನುಸರಿಸಬಹುದು. ಓಡಿದ ಪ್ರತಿ ಕಿಲೋಮೀಟರಿಗೆ ಇಂತಿಷ್ಟೆಂದು ಬದಿಗಿರಿಸಿದಲ್ಲಿ, ಬದಲಾಯಿಸುವ ದಿನ ಬಂದಾಗ ಹಣವಿಲ್ಲವೆಂಬ ಕಾರಣಕ್ಕೆ ಸವೆದ ಟೈರಿನಲ್ಲಿಯೇ ಇನ್ನೊಂದು ಮಳೆಗಾಲ ಕಳೆಯುವ ಪ್ರಮೇಯ ಬರುವುದಿಲ್ಲ.