ಔಷಧದ ಬೆನ್ನಿಗಿರುವ ಕಾವಲು

ಹೊಸ ಔಷಧವು ಅಂಗಡಿಗೆ ಬರುವ ಮುನ್ನ ಅದನ್ನು ಸಾಮಾನ್ಯವಾಗಿ ಕೆಲವು ಸಾವಿರ ಜನರಿಗೆ ಕೊಟ್ಟು ಪರೀಕ್ಷಿಸಿರುತ್ತಾರೆ. ಹತ್ತು ಸಾವಿರಕ್ಕೊಬ್ಬರಲ್ಲಿ ಮಾತ್ರ ತಲೆದೋರುವ ಕೆಡುಕು ಮೂರು ಸಾವಿರ ಜನರ ಪರೀಕ್ಷೆಯಲ್ಲಿ ಒಮ್ಮೆಯೂ ಕಣ್ಣಿಗೆ ಬೀಳದಿರುವ ಸಂಭವವೇ ಹೆಚ್ಚು. ಗರ್ಭಿಣಿಯರನ್ನೂ ಹಲವು ಕಾಯಿಲೆಗಳುಳ್ಳ ವೃದ್ಧರನ್ನೂ ಇಂತಹ ಪರೀಕ್ಷೆಗಳಿಂದ ಬಹುಮಟ್ಟಿಗೆ ಹೊರಗಿಡಲಾಗುತ್ತದೆ. ಹೀಗಾಗಿ ಔಷಧದ ಪೂರ್ಣ ಸ್ವಭಾವವು ಅದು ಮನೆಮನೆಯನ್ನು ತಲುಪಿದ ಮೇಲೆಯೇ ತಿಳಿಯುವುದು. ಹಾಗೆ ತಿಳಿದುಬರುವುದನ್ನು ಬೇಗ ತಿಳಿಯುವಂತೆ ಮಾಡುವ ವೃತ್ತಿಯೊಂದಿದೆ. ಅದಕ್ಕೆ ಫಾರ್ಮಕೊವಿಜಿಲೆನ್ಸ್, ಅಂದರೆ ಔಷಧ ಸುರಕ್ಷತೆಯ ನಿಗಾ, ಎಂದು ಹೆಸರು.

ಈ ವೃತ್ತಿಯ ಹುಟ್ಟಿಗೆ ಕಾರಣವಾದದ್ದು ಒಂದು ಮಹಾದುರಂತ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂದಿತು. ಬಸುರಿಯರ ವಾಕರಿಕೆಗೂ ಅದನ್ನು ಕೊಡತೊಡಗಿದರು. ಕೈಕಾಲುಗಳು ಬೆಳೆಯದ ಶಿಶುಗಳು ಅಲ್ಲೊಂದು ಇಲ್ಲೊಂದು ಜನಿಸಿದವು. ಒಬ್ಬೊಬ್ಬ ವೈದ್ಯರೂ ತಾವು ಕಂಡ ಒಂದೆರಡು ಶಿಶುಗಳನ್ನಷ್ಟೇ ಬಲ್ಲವರಾಗಿದ್ದರು; ಎಲ್ಲವನ್ನೂ ಒಂದೆಡೆ ಇಟ್ಟು ನೋಡುವ ವ್ಯವಸ್ಥೆಯೇ ಇರಲಿಲ್ಲ. 1961ರ ನವೆಂಬರಿನಲ್ಲಿ ಅಲ್ಲಿ ಮಾತ್ರೆಯನ್ನು ಹಿಂತೆಗೆದುಕೊಂಡರು. ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಅದಕ್ಕೆ ಬಲಿಪಶುಗಳಾದವೆಂದು ಅಂದಾಜು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂತರರಾಷ್ಟ್ರೀಯ ನಿಗಾ ಕಾರ್ಯಕ್ರಮವನ್ನು ಆರಂಭಿಸಿತು. ಭಾರತದ ಈಗಿನ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಮೊದಲಾಯಿತು; ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗದಲ್ಲಿದೆ.

ಔಷಧ ಕಂಪನಿಗಳಿಗೆ ನಾನಾ ದೇಶಗಳಿಂದ ಬರುವ ದೂರುಗಳನ್ನು ಪರಿಶೀಲಿಸುವ ಕಾರ್ಯವು ಇಂದು ಬೆಂಗಳೂರಿನ ಅನೇಕ ಕಚೇರಿಗಳಲ್ಲಿ ನಡೆಯುತ್ತಿದೆ. ಫಾರ್ಮಸಿ, ದಂತವೈದ್ಯ, ಶುಶ್ರೂಷೆ, ಜೀವವಿಜ್ಞಾನಗಳನ್ನು ಓದಿದ ನಮ್ಮ ಅನೇಕ ತರುಣ ತರುಣಿಯರು ಅಲ್ಲಿದ್ದಾರೆ. ದೂರೊಂದು ವರದಿಯೆನಿಸಿಕೊಳ್ಳಲು ನಾಲ್ಕು ಸಂಗತಿಗಳು ಸಾಕು: ಗುರುತಿಸಬಲ್ಲ ರೋಗಿ, ತಿಳಿಸಿದವರು, ಶಂಕಿತ ಔಷಧ, ಆದ ತೊಂದರೆ. ಕಂಪನಿಯ ಯಾವನೇ ನೌಕರನ ಕಿವಿಗೆ, ಅದು ಮದುವೆಯ ಪಂಕ್ತಿಯಲ್ಲೇ ಆಗಲಿ, ಈ ನಾಲ್ಕು ಬಿದ್ದ ದಿನವೇ ಸೊನ್ನೆಯ ದಿನ. ಸಾವು, ಪ್ರಾಣಾಪಾಯ, ಆಸ್ಪತ್ರೆವಾಸ, ಅಂಗವೈಕಲ್ಯ, ಜನ್ಮದೋಷ ಮುಂತಾದ ಗಂಭೀರ ಪ್ರಸಂಗಗಳನ್ನು ಸಾಮಾನ್ಯವಾಗಿ ಅಂದಿನಿಂದ 15 ದಿನಗಳೊಳಗೆ ಸರ್ಕಾರಿ ನಿಯಂತ್ರಕರಿಗೆ ತಿಳಿಸಬೇಕು. ಭಾನುವಾರವೂ ದೀಪಾವಳಿಯೂ ಆ ಎಣಿಕೆಯೊಳಗೇ ಬರುತ್ತವೆ.

ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹುದ್ದೆಯ ಮಹತ್ವವಿರುವುದು ಇಲ್ಲಿ. ಹೆಸರು ಕೇಳಿದೊಡನೆ ಸಾಫ್ಟ್‌ವೇರ್ ನೆನಪಾಗುವುದು ಸಹಜ. ಇವರು ರೋಗಿಯ ನಾಡಿ ಹಿಡಿಯುವವರಲ್ಲ, ಪಂಚಾಂಗ ಹಿಡಿದವರು. ಯಾವ ವರದಿ ಮೊದಲು, ಯಾವುದು ಆಮೇಲೆ. ವೈದ್ಯ ಪರಿಶೀಲಕರ ಮೇಜಿನಲ್ಲಿ ಏನು ನಿಂತಿದೆ. ಒಬ್ಬನೇ ರೋಗಿಯ ವಿಷಯವನ್ನು ವೈದ್ಯರೂ ಅಂಗಡಿಯವರೂ ಮಗಳೂ ಬೇರೆಬೇರೆ ಬರೆದಿದ್ದರೆ ಅದು ಮೂರಾಗಿ ಎಣಿಕೆಯಾಗಿಲ್ಲವಷ್ಟೆ? ಹಬ್ಬದ ರಜೆಯಲ್ಲಿ ಯಾರಿರುತ್ತಾರೆ? ಇವೆಲ್ಲ ಇವರ ಚಿಂತೆ. ನೂರರಲ್ಲಿ ತೊಂಬತ್ತೆಂಟು ವರದಿಗಳು ಸಕಾಲಕ್ಕೆ ಹೋದವೆಂಬ ಲೆಕ್ಕವು ಸಭೆಯಲ್ಲಿ ಬಹಳ ಚಂದ ಕಾಣುತ್ತದೆ. ಉಳಿದ ಎರಡರಲ್ಲಿ ಏನಿತ್ತು, ಯಾರಿದ್ದರು ಎಂದು ಕೇಳುವವರೇ ಈ ಹುದ್ದೆಗೆ ತಕ್ಕವರೆಂದು ನನ್ನ ಎಣಿಕೆ. ಜನ ಸಾಲದು, ಇನ್ನಷ್ಟು ಜನ ಬೇಕು ಎಂದು ಮೇಲಿನವರಿಗೆ ಹೇಳುವ ಎದೆಗಾರಿಕೆಯೂ ಬೇಕು. ಆದ್ದರಿಂದ ನಿರ್ವಹಣೆಯ ಪ್ರಮಾಣಪತ್ರಕ್ಕೆ ಆತುರಪಡುವ ತರುಣರು ಮೊದಲು ಕೆಲವು ವರ್ಷ ವರದಿಗಳನ್ನು ತಾವೇ ಓದುವುದು ಲೇಸು. ವರದಿಯ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯನಿರುವನೆಂಬ ಅರಿವು ತರಗತಿಯಲ್ಲಿ ಬರುವಂಥದ್ದಲ್ಲ.

ಈ ಶ್ರಮದ ಫಲ ನಮ್ಮ ಮನೆಗೂ ತಲುಪುತ್ತದೆ. ಮುಟ್ಟಿನ ನೋವಿಗೆ ಹೆಣ್ಣುಮಕ್ಕಳು ತಾವೇ ಕೊಂಡು ನುಂಗುವ ಮೆಫೆನಾಮಿಕ್ ಆಸಿಡ್ ಕುರಿತು 2023ರ ಕೊನೆಯಲ್ಲಿ ಗಾಜಿಯಾಬಾದಿನ ಆಯೋಗವು ಎಚ್ಚರಿಕೆ ನೀಡಿತು. ಜ್ವರ, ಮೈಮೇಲೆ ದದ್ದು, ಗ್ರಂಥಿಗಳ ಊತದೊಡನೆ ಒಳಾಂಗಗಳನ್ನೂ ಬಾಧಿಸಬಲ್ಲ ಡ್ರೆಸ್ ಎಂಬ ಅಪರೂಪದ ತೀವ್ರ ಅಲರ್ಜಿಯು, ಔಷಧ ಸೇವಿಸಿದ ಎರಡರಿಂದ ಎಂಟು ವಾರಗಳಲ್ಲಿ ಕಾಣಿಸಿಕೊಳ್ಳಬಹುದೆಂಬುದು ಅದರ ಸಾರ. ವಾರಗಳ ಹಿಂದೆ ನುಂಗಿದ ಮಾತ್ರೆಯನ್ನು ಯಾರು ತಾನೆ ನೆನಪಿಟ್ಟುಕೊಳ್ಳುತ್ತಾರೆ? ದೇಶದ ಬೇರೆಬೇರೆಡೆಯಿಂದ ಬಂದ ವರದಿಗಳು ಒಂದೆಡೆ ಕೂಡಿದ್ದರಿಂದಲೇ ಆ ನಂಟು ಕಂಡಿತು.

ವರದಿ ಮಾಡಲು ವೈದ್ಯರೇ ಆಗಬೇಕೆಂದಿಲ್ಲ. ರೋಗಿಗಳಿಗೆಂದೇ ಇರುವ ನಮೂನೆಯು ಕನ್ನಡದಲ್ಲಿಯೂ ದೊರೆಯುತ್ತದೆ. ಕೆಲಸದ ದಿನಗಳಲ್ಲಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಲಸಿಕೆ, ನಾರುಬೇರಿನ ಔಷಧಗಳಿಂದಾದ ತೊಂದರೆಯನ್ನೂ ಹೇಳಬಹುದು. ಔಷಧವೇ ಕಾರಣವೆಂದು ಸಾಧಿಸಿ ತೋರಿಸಬೇಕಾಗಿಲ್ಲ, ಶಂಕೆಯಿದ್ದರೆ ಸಾಕು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬಾರದು. ಬ್ಯಾಚ್ ಸಂಖ್ಯೆಯಿರುವುದು ಮಾತ್ರೆಯ ಹಾಳೆಯ ಮೇಲೆ. ಮಾತ್ರೆ ಮುಗಿಯಿತೆಂದು ಅದನ್ನು ಕೂಡಲೇ ಕಸಕ್ಕೆ ಎಸೆಯದಿರಿ.