‘ಟಾಕಾ’ ಹುಟ್ಟಿದ್ದು 1971ರಲ್ಲಲ್ಲ

ತಪ್ಪು ಕಲ್ಪನೆ: ಪಾಕಿಸ್ತಾನದಿಂದ ಬೇರೆಯಾದ ಬಾಂಗ್ಲಾದೇಶ, ರೂಪಾಯಿಯ ನಂಟು ಕಡಿದುಕೊಳ್ಳಲೆಂದೇ ‘ಟಾಕಾ’ ಎಂಬ ಹೊಸ ಹೆಸರು ಹುಡುಕಿತು.

ಸತ್ಯ: ಜೇಬಿನಲ್ಲಿರುವ ನೂರರ ನೋಟನ್ನು ತಿರುವಿ ನೋಡಿ. ಹಿಂಬದಿಯ ಭಾಷಾಪಟ್ಟಿಯಲ್ಲಿ ಕನ್ನಡದ ಸಾಲು ‘ರೂಪಾಯಿಗಳು’ ಎಂದರೆ, ಬಂಗಾಳಿಯ ಸಾಲು ‘ಟಾಕಾ’ ಎನ್ನುತ್ತದೆ. ಕೋಲ್ಕತ್ತದ ಮೀನಿನ ಅಂಗಡಿಯಲ್ಲಿ ಇಂದಿಗೂ ನಮ್ಮ ರೂಪಾಯಿಯ ಹೆಸರು ಅದೇ. ಮೂಲ, ಸಂಸ್ಕೃತದ ‘ಟಂಕ’. ನಾಣ್ಯ ಅಚ್ಚುಹಾಕುವ ಜಾಗವನ್ನು ನಾವು ಟಂಕಸಾಲೆ ಎನ್ನುತ್ತೇವಲ್ಲ, ಅದೇ ಟಂಕ.

ಈ ಪದದ ಹಿಂದೆ ನೋವಿನ ಚರಿತ್ರೆಯೂ ಇದೆ, ಅದನ್ನು ಮರೆಯಬಾರದು. ಪಾಕಿಸ್ತಾನ ಹುಟ್ಟಿದ ಹೊಸತರಲ್ಲಿ ಅದರ ನೋಟು, ಅಂಚೆಚೀಟಿಗಳಲ್ಲಿ ಬಂಗಾಳಿಗೆ ಜಾಗವಿರಲಿಲ್ಲ. ಹೆಚ್ಚು ಜನ ಆಡುತ್ತಿದ್ದ ಭಾಷೆಯೇ ಹಣದ ಮೇಲಿಲ್ಲ! ಆ ಸಿಟ್ಟೂ ಸೇರಿ ಬೆಳೆದ ಭಾಷಾ ಚಳವಳಿಯ ಮೇಲೆ 1952ರ ಫೆಬ್ರುವರಿ 21ರಂದು ಢಾಕಾದಲ್ಲಿ ಪೊಲೀಸರು ಗುಂಡು ಹಾರಿಸಿದರು. 1956ರ ಸಂವಿಧಾನ ಉರ್ದುವಿನ ಜೊತೆಗೆ ಬಂಗಾಳಿಯನ್ನೂ ರಾಜ್ಯಭಾಷೆಯಾಗಿ ಒಪ್ಪಿತು. 1971ರ ಹೊತ್ತಿಗೆ ಪಾಕಿಸ್ತಾನದ ನೋಟುಗಳ ಮೇಲೆ ಬಂಗಾಳಿ ಲಿಪಿಯಲ್ಲಿ ‘ಟಾಕಾ’ ಇತ್ತು.

ತಪ್ಪು ಕಲ್ಪನೆ: ‘ಬಾಂಗ್ಲಾ ದೇಶ’ ಎಂದು ರಬ್ಬರ್ ಮೊಹರು ಒತ್ತಿದ ಪಾಕಿಸ್ತಾನಿ ನೋಟುಗಳೇ ಹೊಸ ದೇಶದ ಮೊದಲ ಅಧಿಕೃತ ಹಣ.

ಸತ್ಯ: ಹಳೆಯ ನೋಟು ಸಂಗ್ರಹಿಸುವವರು ಮೋಸಹೋಗುವುದು ಇಲ್ಲೇ. ಆ ಮೊಹರು ವಿಮೋಚನಾ ಹೋರಾಟಗಾರರ ಪ್ರತಿಭಟನೆ, ಯಾವ ಬ್ಯಾಂಕೂ ಹೊರಡಿಸಿದ್ದಲ್ಲ. 1971ರ ಜೂನ್ 8ರಂದು ಪಾಕಿಸ್ತಾನ ಸರ್ಕಾರ ಮೊಹರಿನ ನೋಟುಗಳು ಚಲಾವಣೆಯಲ್ಲಿಲ್ಲ ಎಂದು ಸಾರಿತು. ಲೂಟಿಯಾದ ದೊಡ್ಡ ನೋಟುಗಳು ಆರ್ಥಿಕತೆಯನ್ನು ಕೆಡಿಸುವ ಭಯದಿಂದ 100 ಮತ್ತು 500 ರೂಪಾಯಿಯ ನೋಟುಗಳನ್ನೂ ರದ್ದುಮಾಡಿತು. ಆಮೇಲೆ ಮೊಹರಿಗೇ ನಕಲು ಹುಟ್ಟಿತು. ರಬ್ಬರ್ ಮೊಹರು ಮಾಡಿಸುವುದು ಎಷ್ಟರ ಕೆಲಸ? ಇಂಥ ನೋಟಿಗೆ ದೊಡ್ಡ ಬೆಲೆ ಕೇಳಿದರೆ ದಯವಿಟ್ಟು ಎರಡು ಸಲ ಯೋಚಿಸಿ.

ತಪ್ಪು ಕಲ್ಪನೆ: ವಿಮೋಚನೆಯಾದ ಮರುದಿನವೇ ಸ್ವಂತ ನೋಟು ಕೈಗೆ ಬಂತು.

ಸತ್ಯ: 1971ರ ಡಿಸೆಂಬರ್ 16ರ ವಿಮೋಚನೆಯ ನಂತರವೂ ಸುಮಾರು ಮೂರು ತಿಂಗಳು ಪಾಕಿಸ್ತಾನದ ನೋಟುಗಳಲ್ಲೇ ವ್ಯಾಪಾರ ನಡೆಯಿತು. 1 ಮತ್ತು 100 ಟಾಕಾ ನೋಟುಗಳು ಹೊರಬಂದದ್ದು 1972ರ ಮಾರ್ಚ್ 4ರಂದು. ಅಚ್ಚಾಗಿದ್ದು ನಮ್ಮ ನಾಸಿಕ್‌ನ ಮುದ್ರಣಾಲಯದಲ್ಲಿ. ಅವುಗಳ ಮೇಲೆ ಹೊಸ ದೇಶದ ಭೂಪಟವಿತ್ತು, ನೂರರ ನೋಟಿನಲ್ಲಿ ವಿಮೋಚನೆಯ ನಾಯಕ ಶೇಖ್ ಮುಜೀಬರ ಚಿತ್ರವೂ ಇತ್ತು. ನಕಲಿ ನೋಟುಗಳ ಹಾವಳಿಯಿಂದ ಆ ಭೂಪಟದ ನೋಟುಗಳನ್ನು ಕೆಲವೇ ವರ್ಷಗಳಲ್ಲಿ ಹಿಂದಕ್ಕೆ ಪಡೆಯಬೇಕಾಯಿತು.